ಅಪ್ಪನ ಹಿಸ್ಸಾ

ಅಪ್ಪನ ಕೈ ಅಲುಗುತ್ತದೆ ಎಂದು ಮೊದಲು ಹೇಳಿದ್ದು ನಾವಲ್ಲ, ತಕ್ಕಡಿ. ಬಸವಕಲ್ಯಾಣದಲ್ಲಿ ನಮ್ಮದೊಂದು ಕಿರಾಣಿ ಅಂಗಡಿಯಿತ್ತು. ತೊಗರಿಬೇಳೆ ತೂಗಲು ಅಪ್ಪ ತಕ್ಕಡಿ ಎತ್ತಿದರೆ ಮುಳ್ಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೇಳೆ ಉದುರಿ ಗಿರಾಕಿಯ ಚೀಲದ ಹೊರಗೆ ಬೀಳುತ್ತಿತ್ತು. ಅಪ್ಪ ನಕ್ಕು ಇನ್ನೊಂದು ಹಿಡಿ ಹಾಕಿ ಕೊಡುತ್ತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳವು. ನಾನು ಶಿಕ್ಷಕಿಯ ತರಬೇತಿ ಮುಗಿಸಿ, ನೌಕರಿಗೆ ಕಾಯುತ್ತ, ಮನೆಯವರ ತಲೆ ತಿನ್ನುತ್ತ ಕೂತಿದ್ದೆ. ನನ್ನ ಒಬ್ಬನೇ ತಮ್ಮ ಕಾಲೇಜು ಸಾಕೆಂದು ಅಂಗಡಿಗೆ ಬಂದು ಕೂರುತ್ತಿದ್ದ.

ಗಿರಾಕಿಗಳು ಮೊದಮೊದಲು ನಕ್ಕರು, ಆಮೇಲೆ ಪಿಸುಗುಟ್ಟಿದರು, ಕೊನೆಗೆ ಎದುರಿನ ಅಂಗಡಿಗೆ ಹೋಗತೊಡಗಿದರು. ನಮ್ಮ ಓಣಿಯ ಹೆಂಗಸೊಬ್ಬಳು ನನ್ನೆದುರೇ ಅಂದುಬಿಟ್ಟಳು: "ಸಾವಕಾರ್ರು ಈಗೀಗ ತಕ್ಕಡ್ಯಾಗ ಕೈ ಆಡಸಾಕತ್ತಾರ." ಕೈ ಆಡಿಸುವುದೆಂದರೆ ತೂಕದಲ್ಲಿ ಮೋಸ ಮಾಡುವುದು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನಡು ಓಣಿಯಲ್ಲಿ ನಿಂತು ಅವಳ ಏಳು ತಲೆಮಾರು ಜಾಲಾಡಿಬಿಟ್ಟೆ. ಅಪ್ಪ ಅಂಗಡಿಯಿಂದ ಇಳಿದು ಬಂದು, "ಸಾಕ್ ಬಿಡವ್ವ, ಒಳಗ ನಡಿ," ಎಂದು ನನ್ನ ಭುಜ ಹಿಡಿದರು. ಹಿಡಿದ ಬೆರಳುಗಳು ನನ್ನ ಭುಜದ ಮೇಲೆ ತಮ್ಮಷ್ಟಕ್ಕೆ ತಾವೇ ಕುಣಿಯುತ್ತಿದ್ದವು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಅದರ ಜಾಗದಲ್ಲಿ ಹೆದರಿಕೆ ಬಂದು ಕೂತಿತು.

ಮರುದಿನದಿಂದ ಅಪ್ಪನನ್ನು ಕಳ್ಳಗಣ್ಣಿನಿಂದ ನೋಡತೊಡಗಿದೆ. ಬೆಳಗಿನ ಪೂಜೆಗೆ ಕೂತಾಗ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಇಟ್ಟುಕೊಂಡು, ಎವೆಯಿಕ್ಕದೆ ಅದನ್ನೇ ದಿಟ್ಟಿಸುವುದು ಅವರ ಪದ್ಧತಿ. ಆಗ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಈಗ ಆ ಅಂಗೈ ತಟ್ಟನೆ ಜಿಗಿಯುತ್ತಿತ್ತು. ಅಪ್ಪ ಬಲಗೈಯಿಂದ ಎಡ ಮಣಿಕಟ್ಟನ್ನು ಅಮುಕಿ ಹಿಡಿಯುತ್ತಿದ್ದರು. ಲಿಂಗ ನೆಲಕ್ಕೆ ಬಿದ್ದರೆ ಏನು ಗತಿ ಎಂದು ಅವ್ವ ಸೆರಗು ಒಡ್ಡಿಕೊಂಡು ಪಕ್ಕದಲ್ಲೇ ಕೂರುತ್ತಿದ್ದಳು. ಪೂಜೆ ಮುಗಿಯುವಷ್ಟರಲ್ಲಿ ಇಬ್ಬರೂ ಬೆವೆತಿರುತ್ತಿದ್ದರು. ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಅವ್ವ ಅಡುಗೆಮನೆಯಲ್ಲಿ ಅತ್ತದ್ದನ್ನು ಕೇಳಿದ್ದೇನೆ.

ಕೈಯ ನಂತರ ಕಾಲು. ಅಪ್ಪ ನಡೆದರೆ ಓಣಿಯ ಅಗಲ ಸಾಲುತ್ತಿರಲಿಲ್ಲ. ಹೆಜ್ಜೆ ಒಂದು ಕಡೆ, ಸೊಂಟ ಒಂದು ಕಡೆ. ಹುಬ್ಬು ಏರುತ್ತಿತ್ತು, ಬಾಯಿ ಸೊಟ್ಟಗಾಗುತ್ತಿತ್ತು. ಈಗ ಊರಿನ ಮಾತು ಬದಲಾಯಿತು. ಮೋಸಗಾರ ಹೋಗಿ ಕುಡುಕನಾದರು. "ಸಾವಕಾರ್ರು ಸಿಂದಿ ಹೊಡಿಲಾಕ ಸುರು ಮಾಡ್ಯಾರ," ಎಂದು ಬಸ್ ನಿಲ್ದಾಣದ ತನಕ ಸುದ್ದಿ ಹೋಯಿತು. ಅದಕ್ಕೆ ಬಾಲಂಗೋಚಿಯಾಗಿ ಇನ್ನೊಂದು ಮಾತು: ಅವರಪ್ಪನೂ ಕುಡುಕನೇ ಅಲ್ಲವೇ, ರಕ್ತ ಎಲ್ಲಿ ಹೋಗುತ್ತದೆ. ನಮ್ಮ ಮುತ್ಯಾ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದರು. ಅವರು ಕುಡಿದು ಕುಡಿದೇ ಹಾಳಾದರೆಂದು ಮನೆಯಲ್ಲೂ ನಂಬಿದ್ದೆವು. ಅವರ ಹೆಸರು ಬಂದರೆ ಮಾತು ಬದಲಿಸುವುದನ್ನು ನಾವು ಚಿಕ್ಕಂದಿನಲ್ಲೇ ಕಲಿತಿದ್ದೆವು.

ಅಷ್ಟರಲ್ಲಿ ನನಗೆ ಹುಮನಾಬಾದಿನಲ್ಲಿ ನೌಕರಿಯಾಯಿತು, ಅದೇ ಊರಿಗೆ ಮದುವೆಯೂ ಆಯಿತು. ನಮ್ಮವರು ಬೀಜ ಗೊಬ್ಬರದ ಅಂಗಡಿಯವರು, ತಣ್ಣನೆಯ ಮನುಷ್ಯ. ನನ್ನಂಥವಳನ್ನು ಕಟ್ಟಿಕೊಳ್ಳಲು ಅಂಥವರೇ ಬೇಕಿತ್ತು. ಅಪ್ಪ ಒಮ್ಮೆ ನಮ್ಮ ಮನೆಗೆ ಬಂದಾಗ ಚಹಾದ ಬಟ್ಟಲನ್ನು ಬಾಯಿಗೆ ಒಯ್ಯಲಾಗದೆ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡರು. ನಮ್ಮವರು ಅವರನ್ನು ಊರಿನ ಹಳೆಯ ಡಾಕ್ಟರರ ಬಳಿ ಕರೆದೊಯ್ದರು. ಡಾಕ್ಟರು ಅಪ್ಪನನ್ನು ನಡೆಸಿ ನೋಡಿದರು, ಕಣ್ಣು ನೋಡಿದರು, ಬಾಯಿಯ ವಾಸನೆ ನೋಡಲೇ ಇಲ್ಲ. "ಇದು ಕುಡದದ್ದಲ್ಲ ಬಿಡ್ರಿ. ಹೈದ್ರಾಬಾದದಾಗ ಒಬ್ರು ಡಾಕ್ಟರ್ ಇದ್ದಾರ. ಅವ್ರು ಇಂಥ ಕೈಕಾಲ ಅಲಗಾಡೋ ಬಿಮಾರಿನೇ ನೋಡ್ತಾರ. ಜಲ್ದಿ ಕರ್ಕೊಂಡು ಹೋಗ್ರಿ," ಎಂದರು. ಬರೀ ಅಲುಗಾಟ ನೋಡುವುದಕ್ಕೂ ಒಬ್ಬ ಡಾಕ್ಟರು ಇರುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಪ್ಪ, ಅವ್ವ, ತಮ್ಮ, ನಾನು, ನಾಲ್ವರೂ ಹುಮನಾಬಾದಿನಿಂದ ಬಸ್ಸು ಹತ್ತಿ ಹೋದೆವು. ಆ ಆಸ್ಪತ್ರೆಯ ಪಡಸಾಲೆಯನ್ನು ನಾನು ಸಾಯುವವರೆಗೂ ಮರೆಯಲಾರೆ. ಒಬ್ಬರ ಕುತ್ತಿಗೆ ಹೆಗಲ ಕಡೆ ತಿರುಚಿಕೊಂಡಿತ್ತು. ಒಬ್ಬ ಮುದುಕರು ಬಾಗಿಲ ಹೊಸ್ತಿಲೆದುರು ಕಾಲು ನೆಲಕ್ಕೆ ಅಂಟಿದವರಂತೆ ನಿಂತಿದ್ದರು. ಮಗಳು ಎಷ್ಟು ಎಳೆದರೂ ಹೆಜ್ಜೆ ಏಳುತ್ತಿರಲಿಲ್ಲ. ಕೆಲವರ ಬೆರಳು ನಡುಗುತ್ತಿದ್ದವು, ಕೆಲವರ ಇಡೀ ಮೈ. ಒಬ್ಬ ಹೆಂಗಸು ಮಾತ್ರ ಥೇಟ್ ನಮ್ಮ ಅಪ್ಪನ ಹಾಗೆಯೇ ಕುಣಿಯುತ್ತಿದ್ದಳು, ಅಪ್ಪನಿಗಿಂತ ಹೆಚ್ಚು. ಅವಳ ಮಗ ಅವಳನ್ನು ಬೆಂಚಿನ ಮೇಲೆ ಹಿಡಿದುಕೊಂಡಿದ್ದ. ಅಪ್ಪ ಅವಳನ್ನು ಒಮ್ಮೆ ನೋಡಿದರು, ಮತ್ತೆ ಆ ಕಡೆ ತಲೆಯೆತ್ತಲಿಲ್ಲ. ಓಡಿಹೋಗಬೇಕು ಅನ್ನಿಸಿತು ನನಗೆ. ಎಲ್ಲರನ್ನೂ ಹೊರಡಿಸಿಕೊಂಡು ಬಂದವಳೇ ನಾನಾದ್ದರಿಂದ ಕೂತೇ ಇದ್ದೆ.

ಡಾಕ್ಟರು ತೆಲುಗಿನವರು, ನಮ್ಮೊಂದಿಗೆ ಹಿಂದಿಯಲ್ಲಿ ಮಾತಾಡಿದರು. ನಾಲಿಗೆ ಹೊರಗೆ ಚಾಚಿ ಹಾಗೇ ಇಟ್ಟುಕೊಳ್ಳಿ ಎಂದರು. ಅಪ್ಪನ ನಾಲಿಗೆ ಹಾವಿನದರಂತೆ ಒಳಗೆ ಸರಿದುಬಿಡುತ್ತಿತ್ತು. ಹೆಬ್ಬೆರಳಿಗೆ ತೋರುಬೆರಳು ಬಡಿಯಲು ಹೇಳಿದರು, ನೇರ ಗೆರೆಯ ಮೇಲೆ ನಡೆಯಲು ಹೇಳಿದರು. ಇಂಥ ರೋಗದ ಮನೆತನಗಳ ಬಗ್ಗೆ ಸಂಶೋಧನೆ ನಡೆಸುತ್ತಿದ್ದೇವೆ, ನಡಿಗೆಯನ್ನು ಕ್ಯಾಮೆರಾದಲ್ಲಿ ಹಿಡಿಯಬಹುದೇ ಎಂದು ಕೇಳಿದರು. ಅಪ್ಪ ಒಪ್ಪಿ, ರುಮಾಲು ಸರಿಮಾಡಿಕೊಂಡು, ಮದುವೆಯ ಫೋಟೋಕ್ಕೆ ನಿಂತಷ್ಟೇ ಗಂಭೀರವಾಗಿ ನಿಂತು, ಆಮೇಲೆ ತೂರಾಡುತ್ತ ನಡೆದರು.

ಮನೆತನದಲ್ಲಿ ಬೇರೆ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು ಡಾಕ್ಟರು ಕೇಳಿದಾಗ ಅವ್ವ ಪ್ರಶ್ನೆ ಮುಗಿಯುವ ಮೊದಲೇ, "ಇಲ್ರಿ, ನಮ್ಮ ಮನ್ಯಾಗ ಯಾರಿಗೂ ಇಲ್ರಿ," ಎಂದಳು. ಅವರು ಬಿಡಲಿಲ್ಲ. ಇವರ ತಂದೆ ಹೇಗೆ ನಡೆಯುತ್ತಿದ್ದರು ಎಂದು ಕೇಳಿದರು. ಅವ್ವ ಸೆರಗಿನ ತುದಿ ಸುತ್ತುತ್ತ, "ಅವ್ರದು ಬ್ಯಾರೆ ರಿ. ಅವ್ರು ಕುಡೀತಿದ್ರು," ಎಂದಳು. ಅದನ್ನು ನಾನು ಹಿಂದಿಯಲ್ಲಿ ಹೇಳಬೇಕು ಅನ್ನುವಷ್ಟರಲ್ಲಿ ಅಪ್ಪ ತಡೆದರು. ಮಾತು ಆಗಲೇ ತೊದಲುತ್ತಿತ್ತು. "ನಮ್ಮಪ್ಪ ಕುಡೀತಿದ್ದಿಲ್ಲ. ನಾ ಅವನ ಮಗ್ಗಲದಾಗೇ ಮಲಗ್ತಿದ್ದೆ. ಒಂದ್ ದಿನಾನೂ ವಾಸನಿ ಬಂದಿಲ್ಲ. ಮಂದಿ ಅಂದ್ರು, ನಾವೂ ಅಂದ್ವಿ," ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಜೀವಮಾನವಿಡೀ ಒಂದು ತೊಟ್ಟು ಕುಡಿಯದೆ ಕುಡುಕನೆನಿಸಿಕೊಂಡು ಸತ್ತ ಆ ಮುತ್ಯಾನನ್ನು ನೆನೆದು ನನಗೂ ಅಳು ಬಂತು. ಡಾಕ್ಟರು ಮಾತ್ರ ಅಳಲಿಲ್ಲ. ಅವರು ಹುಡುಕುತ್ತಿದ್ದದ್ದು ಸಿಕ್ಕಿತ್ತು.

ರೋಗಕ್ಕೆ ಅವರು ಹೇಳಿದ ಹೆಸರಿನಲ್ಲಿ ತಮ್ಮನ ಕಿವಿಗೆ ಬಿದ್ದದ್ದು ಕೊರಿಯಾ ಎಂಬ ಒಂದೇ ಪದ. ಆ ದೇಶದಿಂದ ಬಂದ ರೋಗ ನಮ್ಮ ಬಸವಕಲ್ಯಾಣಕ್ಕೆ ಹೇಗೆ ಮುಟ್ಟಿತೆಂದು ಅವನು ಬಹಳ ದಿನ ತಲೆ ಕೆಡಿಸಿಕೊಂಡಿದ್ದ. ಕೊರಿಯಾ ಎಂದರೆ ಕುಣಿತವಂತೆ. ರಕ್ತದಲ್ಲಿ ಇಳಿದುಬರುತ್ತದೆ, ನಡುವಯಸ್ಸಿಗೆ ತಲೆಯೆತ್ತುತ್ತದೆ, ಮೊದಲು ಸಿಟ್ಟು ಸಿಡುಕು, ಆಮೇಲೆ ಅಲುಗಾಟ, ಆಮೇಲೆ ಬುದ್ಧಿಯೂ ಮಂಕಾಗುತ್ತದೆ. ಅಲುಗಾಟ ಕಡಿಮೆ ಮಾಡಲು ಮಾತ್ರೆ ಇದೆ, ಬೇರಿನಿಂದ ಕೀಳಲು ಮದ್ದಿಲ್ಲ. ಮಕ್ಕಳಿಗೆ, ಎಂದು ನಾನು ಕೇಳಿದೆ. ಡಾಕ್ಟರು ನಮ್ಮಿಬ್ಬರನ್ನೂ ನೋಡಿ ಮೆಲ್ಲಗೆ ಹೇಳಿದರು: "ಆಧಾ-ಆಧಾ ಚಾನ್ಸ್ ಹೈ." ಅರ್ಧಕ್ಕರ್ಧ ಸಾಧ್ಯತೆ. ಸಂಶೋಧನೆಗೆಂದು ನಮ್ಮಿಬ್ಬರ ರಕ್ತವನ್ನೂ ತೆಗೆದುಕೊಂಡರು. ಇದರ ಫಲಿತಾಂಶ ನಿಮಗೆ ಹೇಳುವುದಿಲ್ಲ, ಮುಂದೆ ತಿಳಿಯಬೇಕೆನಿಸಿದರೆ ನೀವೇ ಬಂದು ಬೇರೆ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದರು.

ವಾಪಸು ಬರುವಾಗ ಬಸ್ಸು ಜಹೀರಾಬಾದ್ ದಾಟಿತ್ತು. ಮುಂದಿನ ಸೀಟಿನಲ್ಲಿ ಅಪ್ಪ ಅವ್ವನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರು. ನಿದ್ದೆಯಲ್ಲಿ ಆ ಕುಣಿತ ನಿಲ್ಲುತ್ತಿತ್ತು. ತಮ್ಮ ನನ್ನ ಕಡೆ ಬಾಗಿ ಕೇಳಿದ:

"ಅಕ್ಕಾ, ಆಧಾ-ಆಧಾ ಅಂದ್ರ ಹಿಸ್ಸಾ ಅಲ್ಲೇನು?"

"ಏನ್ ಹಿಸ್ಸಾ?"

"ನಾವ್ ಇಬ್ರು. ಆಧಾ ಅಂದ್ರ ಒಬ್ಬರಿಗಿ. ನಿಂಗ ಬಂದ್ರ ನಂಗಿಲ್ಲ, ನಂಗ ಬಂದ್ರ ನಿಂಗಿಲ್ಲ."

ನಮ್ಮ ಕಡೆ ಹಿಸ್ಸಾ ಎಂದರೆ ಅಣ್ಣತಮ್ಮಂದಿರು ಹೊಲಮನೆ ಪಾಲು ಮಾಡಿಕೊಳ್ಳುವುದು. ಅವನು ತಿಳಿದದ್ದು ಹೀಗೆ: ಅಪ್ಪನ ಮೈಯಲ್ಲಿ ಇರುವ ಈ ಆಸ್ತಿ ಇಬ್ಬರು ಮಕ್ಕಳಲ್ಲಿ ಒಬ್ಬರ ಪಾಲಿಗೆ ಬಂದೇ ತೀರುತ್ತದೆ, ಇನ್ನೊಬ್ಬರು ಪಾರಾಗುತ್ತಾರೆ. ಅಲ್ಲ ಅನ್ನಬೇಕಿತ್ತು. ಆದರೆ ನನಗೂ ಆಗ ಅಷ್ಟೇ ಅರ್ಥವಾಗಿತ್ತು. ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ನಾನು ಕಿಟಕಿಯ ಕಡೆ ತಿರುಗಿ, ನಮ್ಮಿಬ್ಬರಲ್ಲಿ ಒಬ್ಬರು ಎಂದೇ ಎಣಿಸಿದೆ. ಎಣಿಸಿದವಳೇ ತಮ್ಮನ ಬೆರಳು ನೋಡಿದೆ, ನನ್ನ ಬೆರಳು ನೋಡಿಕೊಂಡೆ. ಅವನೂ ಅದನ್ನೇ ಮಾಡುತ್ತಿದ್ದ. ಕಣ್ಣು ಕೂಡಿದಾಗ ಇಬ್ಬರಿಗೂ ನಾಚಿಕೆಯಾಯಿತು.

ಆಮೇಲಿನ ವರ್ಷಗಳು ಹೆದರಿಕೆಯಲ್ಲೇ ಕಳೆದವು. ಕೈಯಿಂದ ಸೀಮೆಸುಣ್ಣ ಜಾರಿದರೆ ಬೆರಳು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದೆ. ಹಾಲು ಚೆಲ್ಲಿದರೆ ಬಂತು ಅನ್ನಿಸುತ್ತಿತ್ತು. ಎಲ್ಲಕ್ಕಿಂತ ಕಷ್ಟವಾದದ್ದು ನನ್ನ ಸಿಟ್ಟು. ಮೊದಲು ಸಿಟ್ಟು ಸಿಡುಕು ಎಂದು ಡಾಕ್ಟರು ಅಂದಿದ್ದರಲ್ಲ! ಹುಟ್ಟಿದಂದಿನಿಂದ ಸಿಡುಕಿಯಾದವಳು ಏನೆಂದು ಪತ್ತೆ ಹಚ್ಚಬೇಕು? ಒಂದು ದಿನ ನಮ್ಮವರ ಮೇಲೆ ಕೂಗಾಡಿ, ಆಮೇಲೆ ಅಳುತ್ತ, "ನಾ ಮೊದಲಿಗಿಂತ ಹೆಚ್ಚ ಸಿಟ್ಟ ಮಾಡಾಕತ್ತೇನೇನ್ರಿ? ಖರೆ ಹೇಳ್ರಿ," ಎಂದು ಕೇಳಿದೆ. ಅವರು ಬಹಳ ಯೋಚಿಸಿದವರಂತೆ, "ಇಲ್ಲ ಬಿಡು. ಮದುವಿ ಹಂದರದಾಗ ಎಷ್ಟಿತ್ತೋ ಈಗೂ ಅಷ್ಟೇ ಅದ," ಎಂದರು. ಅಷ್ಟು ಒಳ್ಳೆಯ ಮಾತನ್ನು ಅವರು ನನಗೆ ಮತ್ತೆಂದೂ ಆಡಿಲ್ಲ. ಆದರೆ ಅವರು ಮಕ್ಕಳು ಬೇಕೆಂಬ ಮಾತೆತ್ತಿದಾಗಲೆಲ್ಲ ನಾನು ಬೇಕೆಂದೇ ಜಗಳ ತೆಗೆಯುತ್ತಿದ್ದೆ. ನನಗೆ ಗೊತ್ತಿಲ್ಲದ ಉತ್ತರ ಹೈದರಾಬಾದಿನ ಯಾವುದೋ ಫ್ರಿಜ್ಜಿನಲ್ಲಿ, ಗಾಜಿನ ಕೊಳವೆಯೊಳಗೆ ತಣ್ಣಗೆ ಕೂತಿದೆ ಎಂಬುದು ನೆನಪಾದರೆ ಊಟ ಸೇರುತ್ತಿರಲಿಲ್ಲ.

ಅಪ್ಪನನ್ನು ಹೈದರಾಬಾದಿಗೆ ಕರೆದೊಯ್ಯುವುದು ನಿಲ್ಲಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಹಳ್ಳಿಖೇಡದ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ರಸ್ತೆ ಕಟ್ಟಿಕೊಂಡಿರುತ್ತಿದ್ದರಿಂದ, ಹುಮನಾಬಾದಿಗೆ ಬಂದು ಮುಂದಿನ ಬಸ್ಸು ಹಿಡಿಯುವುದೇ ಒಂದು ಸಾಹಸ. ಅಲ್ಲಿಯವರು ಮದ್ದಿಗಿಂತ ಹೆಚ್ಚಾಗಿ ಬಾಳುವೆ ಹೇಳಿಕೊಟ್ಟರು: ನೀರು ಗಂಟಲಿಗೆ ಸಿಕ್ಕುತ್ತದೆ, ಗಂಜಿ ಗಟ್ಟಿಯಾಗಿರಲಿ, ನೆಟ್ಟಗೆ ಕೂರಿಸಿಯೇ ಉಣಿಸಿ, ಮಂಚ ಬೇಡ, ನೆಲದ ಮೇಲೆ ಗಾದಿ ಹಾಸಿ. ತಮ್ಮ ಅಂಗಡಿಯನ್ನೂ ಅಪ್ಪನನ್ನೂ ಒಬ್ಬನೇ ನೋಡಿಕೊಂಡ. ಒಂದೊಂದು ತುತ್ತನ್ನೂ ಕಾದು, ಗಂಟಲು ಇಳಿದದ್ದು ನೋಡಿ, ಮುಂದಿನದು ಕೊಡುತ್ತಿದ್ದ. ಹಾಗೆ ನೋಡುವಾಗ ಅವನು ಏನು ಯೋಚಿಸುತ್ತಿದ್ದನೆಂದು ನನಗೆ ಗೊತ್ತಿತ್ತು. ಮುಂದೆ ನನಗೆ ಯಾರು ಉಣಿಸುತ್ತಾರೆ? ನಾನೂ ಅದನ್ನೇ ಯೋಚಿಸುತ್ತಿದ್ದೆ. ಹೊಸ ಶತಮಾನ ಬಂದು ಒಂದೆರಡು ವರ್ಷಗಳಲ್ಲಿ ಅಪ್ಪ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡರು.

ವರ್ಷ ಕಳೆದ ಮೇಲೆ ತಮ್ಮನಿಗೆ ಮಂಠಾಳದಿಂದ ಒಂದು ಸಂಬಂಧ ಬಂತು. ಹುಡುಗಿ ಚೆನ್ನಾಗಿದ್ದಳು, ಅವನಿಗೆ ಬಹಳ ಹಿಡಿಸಿದ್ದಳು. ಅಂಗಡಿಯಲ್ಲಿ ಗಿರಾಕಿಯ ಎದುರು ಸುಮ್ಮಸುಮ್ಮನೆ ನಗುತ್ತಾನೆ ಎಂದು ಅವ್ವ ಹೇಳಿದಳು. ಆದರೂ ಹೂಂ ಅನ್ನುತ್ತಿರಲಿಲ್ಲ. ಮಂಠಾಳದವರಿಗೆ ಅಪ್ಪನ ಕಾಯಿಲೆ ಗೊತ್ತಿತ್ತು, ಅವರಿಗೆ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ಇವನಿಗೇ. ಪರೀಕ್ಷೆ ಮಾಡಿಸಿಕೋ ಎಂದರೆ ಮುಖ ಬಿಳಿಚಿಕೊಳ್ಳುತ್ತಿತ್ತು. ಆಗ ನಾನು ಮೊದಲು ಹೋಗುವುದೆಂದು ನಿರ್ಧರಿಸಿದೆ. ಅಕ್ಕ ಧೈರ್ಯ ಮಾಡಿದರೆ ತಮ್ಮನಿಗೂ ಧೈರ್ಯ ಬಂದೀತು, ಮದುವೆಗೆ ದಾರಿಯಾದೀತು ಎಂಬುದು ನನ್ನ ಲೆಕ್ಕ. ಧೈರ್ಯವಿದ್ದದ್ದು ಬಾಯಲ್ಲಿ ಮಾತ್ರ. ಹೋಗುವ ದಿನ ಬಸ್ಸಿನಲ್ಲಿ ನಮ್ಮವರ ತೋಳು ಹಿಡಿದು ಕೂತವಳು ಬಿಡಲೇ ಇಲ್ಲ.

ಅಲ್ಲಿ ರಕ್ತ ತೆಗೆಯುವ ಮೊದಲು ಒಬ್ಬ ಹೆಂಗಸು ನಮ್ಮೊಂದಿಗೆ ಸಾವಧಾನವಾಗಿ ಮಾತಾಡಿದರು. ತಿಳಿದ ಮೇಲೆ ಮರೆಯಲಾಗದು, ಯೋಚಿಸಿ ಎಂದರು. ಹಿಸ್ಸಾದ ಕಥೆ ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. ಪ್ರತಿಯೊಂದು ಮಗುವಿಗೂ ಬೇರೆಬೇರೆಯಾಗಿ ಅರ್ಧ ಸಾಧ್ಯತೆ. ನಿಮ್ಮಿಬ್ಬರಿಗೂ ಬಂದಿರಬಹುದು, ಇಬ್ಬರಿಗೂ ಬಾರದೆ ಇರಬಹುದು. ನಿಮ್ಮದಕ್ಕೂ ಅವನದಕ್ಕೂ ಸಂಬಂಧವಿಲ್ಲ ಎಂದರು. ಇಷ್ಟು ವರ್ಷ ಹೊತ್ತು ತಿರುಗಿದ ತಪ್ಪು ಲೆಕ್ಕವನ್ನು ಅಂದು ತಿದ್ದಿಕೊಂಡೆ. ತಮ್ಮನಿಗೆ ಫಲಿತಾಂಶದೊಂದಿಗೇ ಹೇಳಿದರಾಯಿತು ಎಂದುಕೊಂಡೆ. ಕೆಲವು ವಾರಗಳ ಮೇಲೆ ಫಲಿತಾಂಶಕ್ಕೆ ಮತ್ತೆ ಹೋದೆವು. ನನಗೆ ಇರಲಿಲ್ಲ. ಡಾಕ್ಟರು ಹೇಳಿದಾಗ ನನಗೆ ಮೊದಲು ಕೇಳಿಸಲೇ ಇಲ್ಲ. ನಮ್ಮ ತಣ್ಣನೆಯ ಮನುಷ್ಯ ಪಕ್ಕದಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದದ್ದು ನೋಡಿ, ಇದ್ದೇ ಇದೆ ಎಂದು ತಿಳಿದುಕೊಂಡೆ. ಡಾಕ್ಟರು ಇನ್ನೊಮ್ಮೆ ಹೇಳಬೇಕಾಯಿತು.

ನೇರ ಬಸವಕಲ್ಯಾಣಕ್ಕೇ ಹೋದೆ. ತಮ್ಮ ಅಂಗಡಿಯಿಂದ ಇಳಿದು ಬಂದ. ನಾನು ಬಾಯಿ ತೆರೆಯುವ ಮೊದಲೇ ಮುಖ ನೋಡಿ ತಿಳಿದುಕೊಂಡ. "ಇಲ್ಲಲ್ಲಾ? ನಿಂಗ ಇಲ್ಲಲ್ಲಾ?" ಎಂದು ನನ್ನ ಕೈ ಹಿಡಿದು, ಕಾಲಿಗೆ ಬಿದ್ದು, ಓಣಿಗೆಲ್ಲ ಪೇಢಾ ಹಂಚಿದ. ಅವನು ಅಷ್ಟು ಸಂತೋಷಪಟ್ಟದ್ದನ್ನು ನಾನು ಮೊದಲು ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಮಂಠಾಳಕ್ಕೆ ಹೋಗಿ ಬರುತ್ತೇನೆ ಎಂದು ಹೊರಟ. ನಿಶ್ಚಯದ ಮಾತಿಗೆ ಹಿರಿಯರನ್ನು ಬಿಟ್ಟು ಹೋಗುತ್ತಾನಲ್ಲ, ಎಷ್ಟು ಅವಸರ ನೋಡು ಎಂದು ಅವ್ವನೂ ನಾನೂ ನಕ್ಕೆವು.

ಸಂಜೆಗೆ ಬಂದವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತ ಹೇಳಿದ: "ಬ್ಯಾಡಂತ ಹೇಳಿ ಬಂದೆ."

ನನಗೆ ತಿಳಿಯಲಿಲ್ಲ. "ಯಾರು ಬ್ಯಾಡಂದ್ರು?"

"ನಾನೇ. ನಿಂಗಿಲ್ಲ ಅಂದ್ರ ನಂಗದ ಅಂತಾತಲ್ಲ. ಗೊತ್ತಿದ್ದೂ ಅವರ ಮಗಳಿಗಿ ಯಾಕ ಹಾಳ ಮಾಡ್ಲಿ?" ಎಂದು, ನನ್ನ ಮುಖ ಕಂಡು ಸಮಾಧಾನ ಮಾಡಲು ಬಂದ. "ಫಿಕರ್ ಮಾಡಬ್ಯಾಡಕ್ಕ. ನನಗೇ ಬರ್ಲಿ ಅಂತಾನೇ ನಾ ಬೇಡ್ಕೊಂಡಿದ್ದೆ. ನಿಂಗ ಬಂದಿದ್ರ ನಾ ಹ್ಯಾಂಗ ನೋಡ್ತಿದ್ದೆ?"

ಕೂಗಿದೆ. ಅತ್ತುಬಿಟ್ಟೆ. ಮೂರ್ಖ, ಕತ್ತೆ, ಓಡು, ಈಗಲೇ ಓಡಿಹೋಗಿ ಮಾತು ವಾಪಸು ತೆಗೆದುಕೊಂಡು ಬಾ ಎಂದು ಅಂಗಿಯನ್ನು ಅವನ ಮೇಲೆ ಎಸೆದೆ. ಆಸ್ಪತ್ರೆಯ ಹೆಂಗಸು ಹೇಳಿದ್ದನ್ನೆಲ್ಲ ಹೇಳಿದೆ. ಅವನು ಸಮಾಧಾನದಿಂದ ಕೇಳಿ, "ನನ್ನ ಮನಸ್ಸಿಗಿ ಸಮಾಧಾನ ಆಗ್ಲಿ ಅಂತ ಹೇಳಾಕತ್ತಿ," ಎಂದ. ಅವನ ಲೆಕ್ಕದಲ್ಲಿ ಹಿಸ್ಸಾ ಮುಗಿದಿತ್ತು.

ಶಾಲೆಯಲ್ಲಿ ಮಂದಬುದ್ಧಿಯ ಮಕ್ಕಳಿಗೂ ಅರ್ಥ ಮಾಡಿಸಿದವಳು ನಾನು. ಚೀಲದಿಂದ ಒಂದು ರೂಪಾಯಿ ತೆಗೆದೆ. ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ಛಾಪಾ-ಕಾಟಾ, ನಾಣ್ಯ ಚಿಮ್ಮಿ ಯಾವ ಮುಖ ಮೇಲೆ ಬೀಳುತ್ತದೆಂದು ನೋಡುವ ಆಟ. "ನೋಡು, ಛಾಪಾ ಬಿದ್ರ ಇಲ್ಲ, ಕಾಟಾ ಬಿದ್ರ ಅದ. ಇದು ನಂದು," ಎಂದು ಚಿಮ್ಮಿದೆ. ಛಾಪಾ ಬಿತ್ತು. "ಆತು? ನಂದು ಮುಗೀತು. ಈಗ ನಿಂದು. ಮತ್ತ ಮೊದಲಿಂದ ಚಿಮ್ಮಬೇಕು. ನಂದು ಛಾಪಾ ಬಿತ್ತಂತ ಈ ರೂಪಾಯಿಗಿ ಗೊತ್ತೇನು? ನಿಂದೂ ಛಾಪಾ ಬೀಳಬಹುದು." ಅವನು ನಾಣ್ಯವನ್ನೇ ನೋಡುತ್ತಿದ್ದ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿ ಅವನ ಕಣ್ಣಿನಲ್ಲಿ ಏನೋ ಒಂದು ಹೊಳೆಯಿತು. "ಹಂಗಾದ್ರ ನಂದು ಚಿಮ್ಮು," ಎಂದ.

ಚಿಮ್ಮಿದೆ. ನಾಣ್ಯ ನನ್ನ ಕೈಗೆ ಸಿಗದೆ ನೆಲಕ್ಕೆ ಬಿದ್ದು, ಗಿರಗಿರ ತಿರುಗಿ, ಮಲಗುವ ಹೊತ್ತಿಗೆ ನಾನು ಅದರ ಮೇಲೆ ಕಾಲಿಟ್ಟುಬಿಟ್ಟೆ. ಯಾಕೆ ಇಟ್ಟೆನೋ ನನಗೇ ತಿಳಿಯಲಿಲ್ಲ. ತಮ್ಮ ಬಗ್ಗಿ ನನ್ನ ಪಾದದ ಹತ್ತಿರ ಕೂತ. "ತೆಗಿ ಅಕ್ಕ, ನೋಡೋಣು," ಎಂದ. ಒಳಗಿನಿಂದ ಬಂದ ಅವ್ವ, "ಏ, ಲಕ್ಷ್ಮಿ ಮ್ಯಾಲ ಕಾಲ್ ಇಡಬ್ಯಾಡ, ತೆಗಿ ಮೊದಲ," ಎಂದು ಗದರಿದಳು. ನಾನು ಕಾಲು ತೆಗೆಯಲಿಲ್ಲ.